ಗ್ರಂಥಾಲಯ ಕರದ ಬೆನ್ನು ಹತ್ತಿ: ನಮ್ಮ ಗುಂಪಿನ ಕೆಲಸದ ದಾಖಲೆ

ಮನೆ ಕಂದಾಯದ ರಸೀದಿಯನ್ನು ಪೂರ್ತಿಯಾಗಿ ಓದುವವರು ಕಡಿಮೆ. ಗ್ರಾಮ ಪಂಚಾಯತಿಗೆ ಕಟ್ಟುವ ತೆರಿಗೆಯ ಮೇಲೆ ಆರೋಗ್ಯ ಕರ ಶೇ. 15, ಶಿಕ್ಷಣ ಕರ ಶೇ. 10, ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3 ಎಂದು ನಾಲ್ಕು ಉಪಕರಗಳು ಸೇರಿಕೊಳ್ಳುತ್ತವೆ. ಅಂದರೆ ಮೂಲ ತೆರಿಗೆ 100 ರೂಪಾಯಿ ಇದ್ದರೆ ನಾವು ಕಟ್ಟುವುದು 134. ನಮ್ಮ ಗುಂಪು ಕೈಗೆತ್ತಿಕೊಂಡಿರುವುದು ಇವುಗಳ ಪೈಕಿ ಮೂರನೆಯದನ್ನು ಮಾತ್ರ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯ ಬಲದಿಂದ ವಸೂಲಾಗುವ ಈ ಹಣ ಪ್ರತಿ ವರ್ಷ ಎಷ್ಟು ಬಂತು, ಎಲ್ಲಿಗೆ ಹೋಯಿತು ಎಂಬ ಲೆಕ್ಕ ಪಂಚಾಯತಿಯ ಸೂಚನಾ ಫಲಕದಲ್ಲಿ ಕಾಣಬೇಕು ಎಂಬುದು ನಮ್ಮ ಮೊದಲ ಬೇಡಿಕೆ. ಶಾಲೆಯಿಂದ ಮಕ್ಕಳು, ಕೆಲಸದಿಂದ ದೊಡ್ಡವರು ಮರಳುವ ಸಂಜೆಯ ಹೊತ್ತಿನಲ್ಲಿ ಗ್ರಂಥಾಲಯ ತೆರೆದಿರಬೇಕು ಎಂಬುದು ಎರಡನೆಯದು.

ರಸ್ತೆ, ಚರಂಡಿ, ಕುಡಿಯುವ ನೀರು ಇರುವಾಗ ಪುಸ್ತಕದ ಹಿಂದೆ ಏಕೆ ಬಿದ್ದಿರಿ ಎಂದು ಅನೇಕರು ಕೇಳಿದ್ದಾರೆ. ರಸ್ತೆಗೆ ಗುತ್ತಿಗೆದಾರರಿದ್ದಾರೆ, ಗುತ್ತಿಗೆದಾರರಿಗೆ ಬಣಗಳಿವೆ. ಗ್ರಾಮ ಪಂಚಾಯತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲವಾದರೂ ಯಾರು ಯಾರ ಕಡೆಯವರು ಎಂಬುದು ಊರಿಗೆಲ್ಲ ಗೊತ್ತಿರುವ ಸಂಗತಿ. ಗ್ರಂಥಾಲಯಕ್ಕಾದರೋ ಬಹಿರಂಗ ವೈರಿಗಳಿಲ್ಲ. ಮಕ್ಕಳು ಓದಬಾರದು ಎಂದು ಸಭೆಯಲ್ಲಿ ಎದ್ದು ನಿಂತು ಹೇಳುವ ಧೈರ್ಯ ಯಾವ ಬಣಕ್ಕೂ ಇಲ್ಲ. ಹೊಸದಾಗಿ ಕಟ್ಟಿದ ಗುಂಪಿಗೆ ಮೊದಲು ಬೇಕಾಗಿರುವುದು ಎಲ್ಲರೂ ಸಹಿ ಹಾಕಬಲ್ಲ ಒಂದು ಕಾಗದ ಎಂಬುದು ನನ್ನ ಅಭಿಪ್ರಾಯ.

ಜುಲೈ 2025

ಮಾಹಿತಿ ಹಕ್ಕಿನ ಅರ್ಜಿಯಿಂದ ಕೆಲಸ ಆರಂಭವಾಯಿತು. ಕರ್ನಾಟಕದ ನಿಯಮಗಳ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಅದೂ 150 ಪದಗಳ ಮಿತಿಯೊಳಗೆ. ಈ ಮಿತಿಯನ್ನು ಬಯ್ಯುವವರು ಬಹಳ ಮಂದಿ. ಅವರ ದೂರಿನಲ್ಲಿ ಹುರುಳಿದೆ. ಆದರೂ ಕರಡು ತಿದ್ದುತ್ತಾ ಹೋದಂತೆ ನಮಗೆ ನಿಜವಾಗಿ ಬೇಕಾಗಿರುವುದು ಮೂರು ಆರ್ಥಿಕ ವರ್ಷಗಳ ವಸೂಲಿ, ಪಾವತಿ ಮತ್ತು ಬಾಕಿಯ ಅಂಕಿಗಳು ಮಾತ್ರ ಎಂಬುದು ಸ್ಪಷ್ಟವಾಯಿತು. ‘ಗ್ರಂಥಾಲಯಕ್ಕೆ ಏನು ಮಾಡಿದ್ದೀರಿ’ ಎಂಬಂತಹ ಪ್ರಶ್ನೆಗೆ ಉತ್ತರವಾಗಿ ಒಂದು ಸಾಲಿನ ಹಿಂಬರಹ ಬರುತ್ತದೆ, ‘ನಗದು ಪುಸ್ತಕದ ಇಂತಹ ಶೀರ್ಷಿಕೆಯ ಪುಟಗಳ ದೃಢೀಕೃತ ಪ್ರತಿ ಕೊಡಿ’ ಎಂದರೆ ಪುಟಗಳೇ ಬರುತ್ತವೆ. ಅರ್ಜಿ ಶುಲ್ಕ 10 ರೂಪಾಯಿ, ಪ್ರತಿ ಪುಟಕ್ಕೆ 2 ರೂಪಾಯಿ. ಉತ್ತರಕ್ಕೆ 30 ದಿನಗಳ ಗಡುವು ಇದೆ. ನಮಗೆ ಗಡುವು ಮೀರಿಯೇ ಬಂತು, ಅದೂ ಮೊದಲ ಮೇಲ್ಮನವಿಯ ಪ್ರತಿಯನ್ನು ಕೈಯಲ್ಲಿ ಹಿಡಿದು ಹೋದ ನಂತರ.

ಬಂದ ಪುಟಗಳಲ್ಲಿ ಅವ್ಯವಹಾರದ ಸುಳಿವೇನೂ ಇರಲಿಲ್ಲ, ಇದನ್ನು ಸ್ಪಷ್ಟವಾಗಿ ದಾಖಲಿಸುವುದು ಅಗತ್ಯ. ಕರ ವಸೂಲಾಗಿತ್ತು, ಲೆಕ್ಕಕ್ಕೆ ಜಮಾ ಆಗಿತ್ತು, ಆದರೆ ವೆಚ್ಚದ ಕಡೆಗೆ ತಿರುಗಿದರೆ ಯಾರೂ ಯೋಜನೆ ಹಾಕಿಕೊಂಡ ಗುರುತಿರಲಿಲ್ಲ. ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದು, ಆನಂತರ ‘ಅರಿವು ಕೇಂದ್ರ’ ಎಂಬ ಹೆಸರು ಪಡೆದವು. ಹೊಣೆ ಕೈ ಬದಲಾದಾಗ ಹೊಸ ಹೊಣೆಗಾರರು ಯಾರು ಎಂಬುದನ್ನು ಜನರಿಗೆ ಯಾರೂ ತಿಳಿಸಿ ಹೇಳಲಿಲ್ಲ. ಕಳ್ಳತನವಿಲ್ಲದ ಕಡೆ ಹೋರಾಟ ಕಟ್ಟುವುದು ಎಷ್ಟು ಕಷ್ಟ ಎಂಬುದು ಈ ಹಂತದಲ್ಲಿ ಅರಿವಾಯಿತು.

ಸೆಪ್ಟೆಂಬರ್

ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದೊಳಗೆ ನಡೆಯಬೇಕಾದ ಜಮಾಬಂದಿಯಲ್ಲಿ ಹಿಂದಿನ ವರ್ಷದ ಲೆಕ್ಕಪತ್ರಗಳನ್ನು ಸಾರ್ವಜನಿಕರ ಮುಂದೆ ಇಡುತ್ತಾರೆ. ಹೊರಗಿನಿಂದ ಬಂದ ಅಧಿಕಾರಿ, ಪಂಚಾಯತಿ ಅಭಿವೃದ್ಧಿ ಅಧಿಕಾರಿ, ಅಧ್ಯಕ್ಷರು ಎಲ್ಲರೂ ಒಂದೇ ಮೇಜಿನ ಸುತ್ತ ಸಿಗುವ ದಿನ ಅದು. ಜನ ಮಾತ್ರ ಇರುವುದಿಲ್ಲ. ಈ ಸಲ ನಮ್ಮವರು ಹೋದರು, ಮಾಹಿತಿ ಹಕ್ಕಿನಲ್ಲಿ ಪಡೆದ ಪುಟವನ್ನು ಮುಂದಿಟ್ಟು, ಅದೇ ಅಂಕಿಯನ್ನು ಮೂಲ ಪುಸ್ತಕದಲ್ಲಿ ತೋರಿಸಲು ಕೋರಿದರು. ವಾದಕ್ಕಿಳಿಯಲಿಲ್ಲ. ಅಂಕಿ ಹೊಂದಿಕೆಯಾಯಿತು, ಅಧಿಕಾರಿಗಳ ಮುಖದಲ್ಲಿದ್ದ ಬಿಗಿ ಅಲ್ಲಿಂದಾಚೆಗೆ ಸಡಿಲವಾಯಿತು.

ಅಕ್ಟೋಬರ್

ಈ ತಿಂಗಳ ಕೆಲಸವನ್ನು ಸ್ವಲ್ಪ ವಿಸ್ತಾರವಾಗಿ ಬರೆಯಬೇಕಾಗಿದೆ, ಏಕೆಂದರೆ ಉಳಿದದ್ದೆಲ್ಲ ಇದಕ್ಕೆ ನಡೆಸಿದ ಸಿದ್ಧತೆಯೇ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ, 1993ರಲ್ಲಿ ಗ್ರಾಮ ಸಭೆಗೆ ಮೊದಲು ವಾರ್ಡ್ ಸಭೆ ಎಂಬ ಮೆಟ್ಟಿಲಿದೆ. ವಾರ್ಡ್ ಸಭೆಗೆ ಮತದಾರರ ಹತ್ತನೇ ಒಂದು ಭಾಗ ಅಥವಾ 20 ಮಂದಿ, ಗ್ರಾಮ ಸಭೆಗೆ ಹತ್ತನೇ ಒಂದು ಭಾಗ ಅಥವಾ 100 ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಕೋರಂ (ಕನಿಷ್ಠ ಹಾಜರಾತಿ) ಸಾಕು. ಬಂದವರಲ್ಲಿ ಮಹಿಳೆಯರು ಶೇ. 30ಕ್ಕಿಂತ ಕಡಿಮೆ ಇರಬಾರದು ಎಂಬ ಆಶಯವೂ ಕಾಯ್ದೆಯಲ್ಲಿದೆ. ಇಪ್ಪತ್ತು ಮಂದಿಯನ್ನು ಕೂಡಿಸುವುದು ಯಾವ ಗುಂಪಿಗೂ ಅಸಾಧ್ಯವಲ್ಲ, ಆದರೂ ಸಭೆಯೇ ನಡೆಯದೆ ಸಹಿ ಸಂಗ್ರಹಿಸಿ ‘ನಡೆದಿದೆ’ ಎಂದು ಬರೆಯುವ ರೂಢಿ ಹಲವು ಕಡೆ ಬೇರೂರಿದೆ.

ನಾವು ಮನೆಮನೆಗೆ ಹೋಗಿದ್ದು ಗ್ರಂಥಾಲಯದ ಮಹತ್ವ ವಿವರಿಸಲು ಅಲ್ಲ. ಪ್ರತಿಯೊಬ್ಬರ ರಸೀದಿಯನ್ನು ಅವರ ಕೈಯಲ್ಲೇ ತೆಗೆಸಿ, ಗ್ರಂಥಾಲಯ ಕರದ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದು ಬಂದೆವು. ತಾನು ಈಗಾಗಲೇ ಹಣ ಕಟ್ಟಿದ್ದೇನೆ ಎಂದು ಗೊತ್ತಾದವರು ಸಭೆಗೆ ಬರಲು ಎರಡನೇ ಕಾರಣ ಕೇಳಲಿಲ್ಲ. ಸ್ವಸಹಾಯ ಸಂಘದ ಮಹಿಳೆಯರು ಸಭೆಯ ಹೊತ್ತನ್ನು ಬೆಳಗ್ಗೆ ಹನ್ನೊಂದರಿಂದ ಮಧ್ಯಾಹ್ನದ ನಂತರಕ್ಕೆ ಬದಲಿಸಲು ಒತ್ತಾಯಿಸಿ ಗೆದ್ದರು. ನನ್ನ ದೃಷ್ಟಿಯಲ್ಲಿ ಇಡೀ ಯೋಜನೆಯ ದೊಡ್ಡ ಸಾಧನೆ ಇದೇ, ಏಕೆಂದರೆ ಆ ಒಂದು ಬದಲಾವಣೆಯಿಂದ ಕೂಲಿ ಕಳೆದುಕೊಳ್ಳದೆ ಬರುವುದು ಅನೇಕರಿಗೆ ಸಾಧ್ಯವಾಯಿತು. ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾಗಿರುವ ಪಂಚಾಯತಿಯಲ್ಲಿ ಸದಸ್ಯೆಯರ ಬದಲು ಅವರ ಗಂಡಂದಿರು ಮಾತನಾಡುವುದನ್ನು ಎಲ್ಲರೂ ನೋಡಿದ್ದೇವೆ. ಆ ಸಭೆಯಲ್ಲಿ ಕೇಳುವವರೇ ಬಹುಪಾಲು ಮಹಿಳೆಯರಾಗಿದ್ದರಿಂದ ಸದಸ್ಯೆಯೇ ಉತ್ತರ ಕೊಡಬೇಕಾಯಿತು, ಚೆನ್ನಾಗಿಯೇ ಕೊಟ್ಟರು.

ಭಾಷಣಗಳಿಗಿಂತ ನಡಾವಳಿ ಪುಸ್ತಕಕ್ಕೆ ನಾವು ಹೆಚ್ಚು ಗಮನ ಕೊಟ್ಟೆವು. ‘ಗ್ರಂಥಾಲಯದ ಬಗ್ಗೆ ಚರ್ಚಿಸಲಾಯಿತು’ ಎಂದು ಬರೆದರೆ ಅದಕ್ಕೆ ಯಾವ ಬೆಲೆಯೂ ಇಲ್ಲ. ಆದ್ದರಿಂದ ಠರಾವಿನ ವಾಕ್ಯವನ್ನು ಮೊದಲೇ ಸಿದ್ಧಪಡಿಸಿ, ಯಾವ ದಿನಾಂಕದೊಳಗೆ ಯಾರು ಏನು ಮಾಡಬೇಕು ಎಂಬುದನ್ನು ಸೇರಿಸಿ, ಸಭೆ ಮುಗಿಯುವ ಮುನ್ನ ಅದನ್ನು ಗಟ್ಟಿಯಾಗಿ ಓದಿಸಿದೆವು. ವಾರ್ಡ್‌ಗಳಿಂದ ಬಂದ ಠರಾವುಗಳು ಗ್ರಾಮ ಸಭೆಯಲ್ಲಿ ಒಂದೇ ಠರಾವಾಗಿ ಅಂಗೀಕಾರವಾದವು. ಲೆಕ್ಕದ ಫಲಕ ಈಗಾಗಲೇ ಬಂದಿದೆ. ಸಂಜೆಯ ಸಮಯದ ಬೇಡಿಕೆ ಬಾಕಿ ಇದೆ, ಅದರ ಬಗ್ಗೆ ಮುಂದೆ.

ನವೆಂಬರ್

ಸಂಜೆಯ ಸಮಯ ಪಂಚಾಯತಿಯ ಕೈಯಲ್ಲಷ್ಟೇ ಇಲ್ಲ. ಗ್ರಂಥಾಲಯದ ಮೇಲ್ವಿಚಾರಕರನ್ನು ಹೆಚ್ಚು ಹೊತ್ತು ದುಡಿಸಿ ನಮ್ಮ ಬೇಡಿಕೆ ಈಡೇರಿಸಿಕೊಳ್ಳುವುದು ನ್ಯಾಯವಲ್ಲ ಎಂಬ ವಿಷಯದಲ್ಲಿ ಗುಂಪಿನೊಳಗೆ ಬಿಸಿಯಾದ ವಾದವೇ ನಡೆದು, ಕೊನೆಗೆ ಹೆಚ್ಚುವರಿ ಸಮಯಕ್ಕೆ ಹೆಚ್ಚುವರಿ ವೇತನ ಎಂಬ ಮಾತು ಬೇಡಿಕೆಯ ಭಾಗವಾಯಿತು. ಅಲ್ಲಿಗೆ ವಿಷಯ ರಾಜ್ಯದ ಮಟ್ಟಕ್ಕೆ ಏರಿತು. ಸಾಮಾನ್ಯವಾಗಿ ನಡುವೆ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯತಿಗಳಿರಬೇಕು; ಅವುಗಳ ಅವಧಿ 2021ರಲ್ಲೇ ಮುಗಿದಿದೆ, ಚುನಾವಣೆ ನಡೆದಿಲ್ಲ, ಆಡಳಿತಾಧಿಕಾರಿಗಳಿದ್ದಾರೆ. 1987ರ ಜಿಲ್ಲಾ ಪರಿಷತ್ ಚುನಾವಣೆಯನ್ನೂ ಆಗಿನ ಪಂಚಾಯತ್ ರಾಜ್ ಸಚಿವ ನಜೀರ್ ಸಾಬರ ಕಾಲವನ್ನೂ ಕಂಡಿರುವ ಹಿರಿಯ ಸದಸ್ಯರೊಬ್ಬರು ಈ ವಿಷಯ ಬಂದಾಗಲೆಲ್ಲ ಸಿಟ್ಟಾಗುತ್ತಾರೆ, ಅವರ ಸಿಟ್ಟು ನ್ಯಾಯವಾದದ್ದೇ.

ಹಾಗಾಗಿ ನೇರವಾಗಿ ವಿಧಾನ ಪರಿಷತ್ತಿನ ಬಾಗಿಲು ತಟ್ಟಲು ನಿರ್ಧರಿಸಿದೆವು. ಪರಿಷತ್ತಿನ 75 ಸ್ಥಾನಗಳಲ್ಲಿ 25ನ್ನು ಸ್ಥಳೀಯ ಸಂಸ್ಥೆಗಳ ಪ್ರತಿನಿಧಿಗಳು ಆರಿಸುತ್ತಾರೆ, ಆ ಮತದಾರರಲ್ಲಿ ಬಹುಸಂಖ್ಯಾತರು ಗ್ರಾಮ ಪಂಚಾಯತಿ ಸದಸ್ಯರು. ಶಾಸಕರ ಕಚೇರಿಯಲ್ಲಿ ನಮ್ಮ ಮನವಿ ನೂರರಲ್ಲಿ ಒಂದಾಗಬಹುದು, ಆದರೆ ಪಂಚಾಯತಿ ಸದಸ್ಯರೇ ಸಹಿ ಮಾಡಿದ ಮನವಿಯನ್ನು ಅವರ ಮತದಿಂದ ಗೆದ್ದವರು ಬದಿಗೆ ಸರಿಸುವುದು ಕಷ್ಟ. ಅಕ್ಕಪಕ್ಕದ ಪಂಚಾಯತಿಗಳ ಸದಸ್ಯರು ನಮ್ಮ ಠರಾವಿನ ಮಾದರಿ ಪಡೆದು ತಮ್ಮಲ್ಲಿಯೂ ಅಂಗೀಕರಿಸಲು ಮುಂದಾಗಿದ್ದಾರೆ. ಮನವಿಯ ಜೊತೆಗೆ ಬೆಳಗಾವಿಯ ಚಳಿಗಾಲದ ಅಧಿವೇಶನಕ್ಕಾಗಿ ಒಂದು ಚುಕ್ಕೆ ಗುರುತಿಲ್ಲದ (ಅಂದರೆ ಲಿಖಿತ ಉತ್ತರವಷ್ಟೇ ಬರುವ) ಪ್ರಶ್ನೆಯ ಕರಡನ್ನೂ ಕೊಟ್ಟಿದ್ದೇವೆ: ಗ್ರಾಮ ಪಂಚಾಯತಿಗಳು ವಸೂಲು ಮಾಡಿದ ಗ್ರಂಥಾಲಯ ಕರ ಜಿಲ್ಲಾವಾರು ಎಷ್ಟು, ಅದರಲ್ಲಿ ವೆಚ್ಚವಾದದ್ದು ಎಷ್ಟು. ಲಿಖಿತ ಉತ್ತರ ಬಂದರೆ ನಾವು ಮಾಹಿತಿ ಹಕ್ಕಿನಲ್ಲಿ ವರ್ಷಗಟ್ಟಲೆ ಅಲೆದರೂ ಸಿಗದಷ್ಟು ಅಂಕಿ ಒಂದೇ ಕಾಗದದಲ್ಲಿ ಸಿಗುತ್ತದೆ.

2020ರ ಡಿಸೆಂಬರ್ ಚುನಾವಣೆಯಲ್ಲಿ ಗೆದ್ದ ಗ್ರಾಮ ಪಂಚಾಯತಿ ಸದಸ್ಯರ ಐದು ವರ್ಷಗಳ ಅವಧಿಯೂ 2025ರ ಈ ನವೆಂಬರ್‌ನಲ್ಲಿ ಕೊನೆಯ ಹಂತದಲ್ಲಿದೆ. ಅದಕ್ಕೂ ಮೊದಲು ಅಕ್ಟೋಬರ್ ಠರಾವಿನ ದೃಢೀಕೃತ ಪ್ರತಿ ಪಡೆದುಕೊಳ್ಳುವ, ಮುಂದಿನ ಆಯವ್ಯಯದಲ್ಲಿ ಸಂಜೆಯ ಸಮಯಕ್ಕೆಂದು ಪ್ರತ್ಯೇಕ ಶೀರ್ಷಿಕೆ ಸೇರಿಸಲು ಕಾರ್ಯದರ್ಶಿಯವರೊಂದಿಗೆ ಕುಳಿತು ಅಂದಾಜು ತಯಾರಿಸುವ ಕೆಲಸಗಳು ಈ ವಾರ ನಡೆಯುತ್ತಿವೆ.