ಮಿಡಲ್ಟನ್‌ನಲ್ಲಿ ಎಡ್ಗರ್ ವುಡ್‌ನ ಜಾಡು ಹಿಡಿದು

ಮ್ಯಾಂಚೆಸ್ಟರ್‌ನ ಉತ್ತರಕ್ಕಿರುವ ಮಿಡಲ್ಟನ್ ಊರಿನ ರೈಲು ನಿಲ್ದಾಣ 1964ರಲ್ಲೇ ಮುಚ್ಚಿತು. ಹಾಗಾಗಿ ಬಸ್ಸೇ ಸಲೀಸು. ವಾಸ್ತುಶಿಲ್ಪಿ ಎಡ್ಗರ್ ವುಡ್ ಹುಟ್ಟಿದ್ದು ಇಲ್ಲೇ, 1860ರಲ್ಲಿ, ಹತ್ತಿ ಗಿರಣಿ ಮಾಲೀಕನ ಮಗನಾಗಿ. ಹುಡುಗನಿಗೆ ಚಿತ್ರಕಲೆಯ ಹುಚ್ಚು, ಅಪ್ಪನಿಗೆ ಗಿರಣಿಯ ಚಿಂತೆ. ಇಬ್ಬರೂ ಒಪ್ಪಿದ್ದು ವಾಸ್ತುಶಿಲ್ಪಕ್ಕೆ. ಲಂಡನ್ನಿನ ಹಂಗಿಲ್ಲದೆ ಬೆಳೆದ ಈ ಕೆಲಸಗಾರನನ್ನು ಅರಿಯಲು ಅವನ ಕಟ್ಟಡಗಳನ್ನು ಹತ್ತಿರದ್ದು ಮೊದಲು ಎಂದು ನೋಡುತ್ತ ಹೋದರೂ, ಇಸವಿಯ ಕ್ರಮವನ್ನು ನೆನಪಿನಲ್ಲಿಡಬೇಕು.

ಮೊದಲು ಲಾಂಗ್ ಸ್ಟ್ರೀಟಿನ ಮೆಥಡಿಸ್ಟ್ ಚರ್ಚು, 1899-1901ರದು. ಚರ್ಚಿನ ಮುಂದೆ ನಿಂತು ಫೋಟೋ ತೆಗೆದು ಹೊರಟರೆ ಅರ್ಧವೂ ಕಂಡಂತಾಗುವುದಿಲ್ಲ. ಅದರ ಜೀವ ಇರುವುದು ಅಂಗಳದಲ್ಲಿ. ಒಂದು ಕಡೆ ಎತ್ತರದ ಚರ್ಚು, ಉಳಿದ ಕಡೆ ಶಾಲೆಯ ತಗ್ಗು ಕಟ್ಟಡಗಳು, ಎಲ್ಲಕ್ಕೂ ಕಡಿದಾದ ಇಳಿಜಾರು ಚಾವಣಿ.

ಅಲ್ಲಿಂದ ಮೆಲಾಲ್ಯೂ ಸ್ಟ್ರೀಟಿನ 36ನೇ ಸಂಖ್ಯೆಯ ಮನೆ. ಖಾಸಗಿ ಮನೆಯಾದ್ದರಿಂದ ರಸ್ತೆಯಿಂದಲೇ ನೋಡಬೇಕು. 1906ರ ಹೊತ್ತಿನ ಈ ಪುಟ್ಟ ಮನೆಗೆ ಕಾಂಕ್ರೀಟಿನ ಸಮತಟ್ಟು ಚಾವಣಿ! ಅಷ್ಟು ಮಳೆ ಸುರಿಯುವ ನಾಡಿನಲ್ಲಿ ಇದೇಕೆ? ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಕಾರಣ ಬೇಗ ಹೊಳೆಯುತ್ತದೆ. ಮನೆಗೆ ಒಂದು ಮೂಲೆ ಹೆಚ್ಚಾದರೆ ಚಾವಣಿಯಲ್ಲಿ ಎರಡು ಇಳಿಜಾರು ಕೂಡುವ ಇನ್ನೊಂದು ಸಂದು ಹುಟ್ಟುತ್ತದೆ. ನೀರು ಹರಿದು ಬರುವುದೂ ಕಸ ಕಟ್ಟುವುದೂ ಸೋರುವುದೂ ಅಲ್ಲೇ. ಹಾಗಾಗಿ ಚಾವಣಿಗೆ ಹೆದರಿ ಮನೆಯ ನಕ್ಷೆಯನ್ನೇ ಚೌಕಕ್ಕೆ ಇಳಿಸಬೇಕಾಗುತ್ತದೆ. ಕಾಂಕ್ರೀಟ್ ಹಾಸಿದರೆ ಈ ಕಟ್ಟುಪಾಡಿಲ್ಲ. ಕೋಣೆಗಳನ್ನು ಬೇಕಾದಂತೆ ಜೋಡಿಸಬಹುದು. ಸಹೋದ್ಯೋಗಿ ಹೆನ್ರಿ ಸೆಲರ್ಸ್ ಜೊತೆಗೂಡಿದ ಮೇಲೆ ವುಡ್ ಈ ದಾರಿಯಲ್ಲಿ ದೂರ ಸಾಗಿದ. ಮ್ಯಾಂಚೆಸ್ಟರ್ ನ್ಯೂ ರೋಡಿನ 1908ರ ಮೂರು ಅಂಗಡಿಗಳ ಮುಂದೆ ನಿಂತು ತಲೆ ಎತ್ತಿದರೆ ಹೊಳಪಿನ ಟೈಲಿನ ಅಂಕುಡೊಂಕು ಪಟ್ಟೆಗಳು ಕಾಣುತ್ತವೆ. ಕೆಳಗಿನ ಬೋರ್ಡುಗಳ ಮೇಲೆ ಕಣ್ಣಿಟ್ಟು ನಡೆದರೆ ಅವು ತಪ್ಪಿಹೋಗುವುದು ಖಂಡಿತ.

ಮರುದಿನ ಮ್ಯಾಂಚೆಸ್ಟರ್‌ನ ವಿಕ್ಟೋರಿಯಾ ಪಾರ್ಕಿಗೆ. ಡೇಸಿ ಬ್ಯಾಂಕ್ ರಸ್ತೆಯಲ್ಲಿ ಕ್ರಿಶ್ಚಿಯನ್ ಸೈನ್ಸ್ ಪಂಥಕ್ಕಾಗಿ 1903ರಲ್ಲಿ ಆರಂಭಿಸಿದ ಚರ್ಚು ಇದೆ. ಕಡಿದಾದ ಬಿಳಿ ಗೋಡೆ, ಅದರಲ್ಲಿ ಶಿಲುಬೆಯಾಕಾರದ ಕಿಟಕಿ, ಬದಿಗೆ ಶಂಕುವಿನ ತಲೆಯ ದುಂಡು ಗೋಪುರ. ಕಟ್ಟಡದ ಎರಡು ಪಕ್ಕದ ಭಾಗಗಳು ಬರುವವರತ್ತ ತೋಳು ಚಾಚಿದಂತೆ ಓರೆಯಾಗಿ ಮುಂದೆ ಬಂದಿವೆ. ಒಳಗೆ ಹೋಗಬೇಕಿದ್ದರೆ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಕೊನೆಗೆ ಮ್ಯಾಂಚೆಸ್ಟರ್‌ನ ದಕ್ಷಿಣಕ್ಕಿರುವ ಹೇಲ್‌ನ ರಾಯ್ಡ್ ಹೌಸ್. ವುಡ್ 1914-16ರಲ್ಲಿ ತನಗಾಗಿ ಕಟ್ಟಿಕೊಂಡ ಮನೆ. ಇಲ್ಲಿ ಚಾವಣಿ ಪೂರ್ತಿ ಸಮತಟ್ಟು, ಮುಂಭಾಗ ಒಳಕ್ಕೆ ಬಾಗಿದೆ, ನಡುವೆ ಬಣ್ಣದ ಟೈಲು. 1922ರಲ್ಲಿ ಅವನು ಇಟಲಿಗೆ ಹೋಗಿ ನೆಲೆಸಿದ. 1935ರಲ್ಲಿ ತೀರಿಕೊಂಡದ್ದೂ ಅಲ್ಲೇ.