ಅರಮನೆ ಮೈದಾನದಲ್ಲಿ ಕೇಳದ ಹಾಡುಗಳು

2011ರ ಅಕ್ಟೋಬರ್ 30, ಭಾನುವಾರ, ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಮೆರಿಕದ ಹೆವಿ ಮೆಟಲ್ ತಂಡ ಮೆಟಾಲಿಕಾ. ಎರಡು ದಿನ ಮೊದಲು ಗುಡಗಾಂವ್‌ನಲ್ಲಿ ಆಗಬೇಕಿದ್ದ ಶೋ ವೇದಿಕೆ ಮುಂದಿನ ಬ್ಯಾರಿಕೇಡ್ ತಡೆದುಕೊಳ್ಳದೆ ನಿಂತುಹೋಗಿತ್ತು. ಹಾಗಾಗಿ ಭಾರತದಲ್ಲಿ ಅವರ ಮೊದಲ ಕಛೇರಿ ನಮ್ಮೂರಿನ ಪಾಲಿಗೆ ಬಂತು. ಕಪ್ಪು ಟೀ ಶರ್ಟುಗಳ ಸಾಲಿನಲ್ಲಿ ಅವತ್ತು ಎರಡೇ ಮಾತು. ಒಂದು, ಇಲ್ಲಾದರೂ ಶೋ ನಡೆಯುತ್ತಾ? ಎರಡು, ಆ ಹೊಸ ಆಲ್ಬಂ ಕೇಳಿದೆಯಾ?

ಆ ಹೊಸ ಆಲ್ಬಂ 'ಲುಲು'. ಅಮೆರಿಕದ ಹಿರಿಯ ರಾಕ್ ಗಾಯಕ, ಗೀತಕಾರ ಲೂ ರೀಡ್ ಮತ್ತು ಮೆಟಾಲಿಕಾ ಸೇರಿ ಮಾಡಿದ್ದು. ಅಧಿಕೃತ ಬಿಡುಗಡೆ ಮರುದಿನ, ಅಮೆರಿಕದಲ್ಲಿ ಅದರ ಮರುದಿನ. ಆದರೆ ಅಂತರ್ಜಾಲದಲ್ಲಿ ಆಗಲೇ ಪೂರ್ತಿ ಕೇಳಲು ಸಿಕ್ಕಿದ್ದರಿಂದ ಸಾಲಿನಲ್ಲಿ ನಿಂತ ಬಹಳ ಜನ ಅಭಿಪ್ರಾಯ ಕಟ್ಟಿಕೊಂಡೇ ಬಂದಿದ್ದರು.

"ಮಗಾ, ಆ ತಾತ ಹಾಡ್ತಾನಾ, ಓದ್ತಾನಾ?"

"ಓದ್ತಾನೆ ಕಣೋ. ಅದು ಓದೋಕೆ ಬರೆದಿರೋದೇ."

ಈ ಎರಡು ಸಾಲಿನಲ್ಲಿ ಇಡೀ ಜಗಳ ಇದೆ. ಹಳಬರು ಹೊಸದಾಗಿ ಕೈಜೋಡಿಸಿದಾಗೆಲ್ಲ ಅಭಿಮಾನಿಗಳು ಇಬ್ಭಾಗವಾಗುತ್ತಾರೆ, ಅದು ವಯಸ್ಸಿನ ಸಮಸ್ಯೆ ಎಂದು ಹೇಳಿ ಮುಗಿಸುವುದು ರೂಢಿ. 'ಲುಲು' ವಿಷಯದಲ್ಲಿ ಅದು ಸರಿಯಲ್ಲ. ಆಗ ರೀಡ್‌ಗೆ 69, ಮೆಟಾಲಿಕಾಗೆ ಮೂವತ್ತು ತುಂಬಿತ್ತು, ನಿಜ. ಆದರೆ ಬಿರುಕು ಬಿದ್ದದ್ದು ಹಾಡು ಕಟ್ಟುವ ಕ್ರಮದಲ್ಲಿ. ಒಂದು ಪಂಗಡ ರಿಫ್ (ಗಿಟಾರಿನಲ್ಲಿ ಮರಳಿ ಮರಳಿ ಬರುವ ಸ್ವರಗುಚ್ಛ) ಹಿಡಿದು ಕೇಳುತ್ತಿತ್ತು, ಇನ್ನೊಂದು ಮಾತು ಹಿಡಿದು. ಆಲ್ಬಂನ ಹೆಚ್ಚಿನ ಕಡೆ ಇವೆರಡೂ ಒಂದಕ್ಕೊಂದು ಕಾಯುವುದಿಲ್ಲ.

ಶುರುವಾದದ್ದು ಬೆಂಗಳೂರಿನ ಆ ಸಂಜೆಗೆ ಸರಿಯಾಗಿ ಎರಡು ವರ್ಷ ಹಿಂದೆ, 2009ರ ಅಕ್ಟೋಬರ್ 30ರಂದು. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ನ 25ನೇ ವರ್ಷದ ಕಛೇರಿ. ರೀಡ್ ಅವರ ಹಳೆಯ ತಂಡವಾದ ವೆಲ್ವೆಟ್ ಅಂಡರ್‌ಗ್ರೌಂಡ್ ಕಾಲದ 'ಸ್ವೀಟ್ ಜೇನ್' ಮತ್ತು 'ವೈಟ್ ಲೈಟ್/ವೈಟ್ ಹೀಟ್' ಹಾಡುಗಳಿಗೆ ಮೆಟಾಲಿಕಾ ಜೊತೆ ನುಡಿಸಿತು. ಎರಡೂ ಮೂರ್ನಾಲ್ಕು ಕಾರ್ಡ್‌ಗಳ ನೇರ ಹಾಡುಗಳು, ಚೆನ್ನಾಗಿ ಕೂಡಿಬಂದವು. ಒಟ್ಟಿಗೆ ಒಂದು ಆಲ್ಬಂ ಮಾಡೋಣ ಎಂಬ ಮಾತು ಅಲ್ಲಿ ಹುಟ್ಟಿತು. ಮೊದಲ ಯೋಜನೆ ರೀಡ್ ಅವರ ಹಳೆಯ ಹಾಡುಗಳನ್ನು ಮೆಟಾಲಿಕಾ ಜೊತೆ ಮತ್ತೆ ಧ್ವನಿಮುದ್ರಿಸುವುದು. ಹಾಗೇ ಆಗಿದ್ದರೆ ಯಾರಿಗೂ ತಕರಾರಿರುತ್ತಿರಲಿಲ್ಲ, ಯಾರಿಗೂ ನೆನಪೂ ಇರುತ್ತಿರಲಿಲ್ಲ.

ಸ್ಟುಡಿಯೊಗೆ ಹೋಗುವ ಹೊತ್ತಿಗೆ ರೀಡ್ ಯೋಜನೆ ಬದಲಿಸಿದರು. ಜರ್ಮನ್ ನಾಟಕಕಾರ ಫ್ರಾಂಕ್ ವೆಡೆಕಿಂಡ್ ಬರೆದ ಎರಡು ನಾಟಕಗಳಲ್ಲಿ ಲುಲು ಎಂಬ ಹೆಣ್ಣಿನ ಕಥೆ ಇದೆ. ಗಂಡಸರ ಆಸೆಗಳ ಮೇಲೆ ಹತ್ತುತ್ತಾ ಹೋಗಿ, ಅದೇ ಆಸೆಗಳಿಂದ ಕೆಳಗೆ ಬಿದ್ದು, ಕೊನೆಗೆ ಲಂಡನ್ನಿನಲ್ಲಿ ಜ್ಯಾಕ್ ದಿ ರಿಪ್ಪರ್ ಕೈಯಲ್ಲಿ ಸಾಯುತ್ತಾಳೆ. ರಾಬರ್ಟ್ ವಿಲ್ಸನ್ ಬರ್ಲಿನ್ನಿನಲ್ಲಿ ಆಡಿಸಿದ ಇದರ ರಂಗರೂಪಕ್ಕೆ ರೀಡ್ ಸಾಹಿತ್ಯ ಬರೆದಿದ್ದರು. ಅದನ್ನೇ ಹಿಡಿದು 2011ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ರಫೇಲ್‌ನಲ್ಲಿರುವ ಮೆಟಾಲಿಕಾ ಸ್ಟುಡಿಯೊಗೆ ಬಂದರು. ಜೂನ್ ಹೊತ್ತಿಗೆ ಕೆಲಸ ಮುಗಿದಿತ್ತು.

ಮೆಟಾಲಿಕಾ ಆಲ್ಬಂ ಇಷ್ಟು ಬೇಗ ಆಗುವುದಿಲ್ಲ. ಅವರ ಎಂದಿನ ರೀತಿ ಹೀಗೆ: ಗಾಯಕ, ಗಿಟಾರ್ ವಾದಕ ಜೇಮ್ಸ್ ಹೆಟ್‌ಫೀಲ್ಡ್ ರಿಫ್‌ಗಳನ್ನು ಕೂಡಿಡುತ್ತಾರೆ. ಡ್ರಮ್ಸ್ ನುಡಿಸುವ ಲಾರ್ಸ್ ಉಲ್ರಿಕ್ ಜೊತೆ ಕೂತು ಅವನ್ನು ಜೋಡಿಸುತ್ತಾರೆ, ಯಾವುದು ಎಷ್ಟು ಬಾರಿ, ಎಲ್ಲಿ ತಿರುವು, ಎಲ್ಲಿ ಸೋಲೊ ಎಂದು. ಆಮೇಲೆ ಡ್ರಮ್ಸ್, ಅದರ ಮೇಲೆ ಪದರ ಪದರವಾಗಿ ರಿದಮ್ ಗಿಟಾರ್, ಬಾಸ್. ಸಾಹಿತ್ಯ ಕೊನೆಯ ಹಂತದ್ದು, ಸಿದ್ಧವಾದ ಅಳತೆಗೆ ಕತ್ತರಿಸಿ ಹೊಲಿಯುವಂಥದ್ದು. 1991ರ ಕಪ್ಪು ಹೊದಿಕೆಯ ಆಲ್ಬಂಗೆ ಎಂಟು ತಿಂಗಳ ಮೇಲೆ ಹಿಡಿದಿತ್ತು.

'ಲುಲು'ನಲ್ಲಿ ಈ ಕ್ರಮ ತಲೆಕೆಳಗಾಯಿತು. ಸಾಹಿತ್ಯ ಮೊದಲು ಬಂತು, ಅದನ್ನು ತಿದ್ದುವ ಹಕ್ಕು ರೀಡ್ ಒಬ್ಬರದೇ. ಮೆಟಾಲಿಕಾದ ನಾಲ್ವರು ಅದೇ ಕೋಣೆಯಲ್ಲಿ ಅವರ ಸುತ್ತ ಕೂತು ಕೈಗೆ ಬಂದದ್ದನ್ನು ನುಡಿಸುತ್ತಾ ಹೋದರು. ರೀಡ್ ಅವರಿಗೆ ಮರುಯತ್ನ ಎಂದರೆ ಆಗದು. ಮೊದಲ ಸಲ ಬಂದದ್ದೇ ಜೀವಂತ ಎಂಬ ನಂಬಿಕೆ. ಹಾಗಾಗಿ ಮೊದಮೊದಲ ಟೇಕ್‌ಗಳೇ ಆಲ್ಬಂನಲ್ಲಿ ಉಳಿದವು.

ಇಲ್ಲೇ ಎಡವಟ್ಟಾದದ್ದು, ಇಲ್ಲೇ ಹೊಸತೂ ಹುಟ್ಟಿದ್ದು. ಮುಂಚೆ ಜೋಡಣೆ ಮಾಡದೆ ನಾಲ್ವರು ನುಡಿಸುವಾಗ ಯಾರೂ ಧೈರ್ಯವಾಗಿ ತಿರುವು ತೆಗೆದುಕೊಳ್ಳುವುದಿಲ್ಲ. ಎಲ್ಲರೂ ಒಪ್ಪಿದ ರಿಫ್ ಒಂದು ಸಿಕ್ಕಿತೆಂದರೆ ಅದರಲ್ಲೇ ಸುತ್ತುತ್ತಾರೆ. ರೀಡ್ ಅವರ ಸಾಲುಗಳು ಉದ್ದ, ಒಂದಕ್ಕೊಂದು ಅಳತೆ ಇಲ್ಲ. ನಾಲ್ಕು ಆವರ್ತದ ರಿಫ್ ಮುಗಿದು ಹೊಸದಾಗಿ ಶುರುವಾಗುವಾಗ ಅವರು ವಾಕ್ಯದ ನಡುವೆ ಇರುತ್ತಾರೆ. ಮೆಟಲ್ ಕೇಳಿ ಪಳಗಿದ ಕಿವಿ ರಿಫ್ ಬದಲಾಗುವ ಜಾಗಕ್ಕೆ ಕಾಯುತ್ತಿರುತ್ತದೆ. ಅದು ಬರುವುದಿಲ್ಲ. ಗಿಟಾರ್ ವಾದಕ ಕರ್ಕ್ ಹ್ಯಾಮೆಟ್ ಅವರ ಸೋಲೊಗಳೂ ಇಲ್ಲವೆನ್ನುವಷ್ಟು ಕಡಿಮೆ. ಸಾಲಿನಲ್ಲಿ ನಿಂತ ಹುಡುಗ 'ಹಾಡ್ತಾನಾ, ಓದ್ತಾನಾ' ಎಂದು ಕೇಳಿದ್ದು ಅದಕ್ಕೆ.

ಗಮಕ ಕೇಳಿ ಬೆಳೆದವರಿಗೆ ಇದು ಬೇಗ ಅರ್ಥವಾಗಬೇಕು. ಕುಮಾರವ್ಯಾಸನ ಪದ್ಯವನ್ನು ಗಮಕಿಗಳು ವಾಚಿಸುವಾಗ ರಾಗ ಇರುತ್ತದೆ, ತಾಳದ ಕಟ್ಟು ಇರುವುದಿಲ್ಲ. ಅರ್ಥ ಎಲ್ಲಿ ನಿಲ್ಲುತ್ತದೋ ಅಲ್ಲಿ ಉಸಿರು. ರೀಡ್ ಮಾಡುವುದು ಹತ್ತಿರಹತ್ತಿರ ಅದನ್ನೇ. ಆ ವಾಚನದ ಹಿಂದೆ ಒಬ್ಬರು ಬಿಡದೆ ಚೆಂಡೆ ಬಾರಿಸಿದರೆ ಏನಾಗುತ್ತದೋ, ಆಲ್ಬಂನ ನಾಲ್ಕನೆಯ ಹಾಡು 'ಮಿಸ್ಟ್ರೆಸ್ ಡ್ರೆಡ್'ನಲ್ಲಿ ಅದಾಗಿದೆ. ಸುಮಾರು ಏಳು ನಿಮಿಷ, ಒಂದೇ ಓಟದ ಥ್ರ್ಯಾಶ್ (ಅತಿವೇಗದ ಮೆಟಲ್) ರಿಫ್, ಉಸಿರಾಡಲು ಜಾಗವಿಲ್ಲ. ಅದರ ಮೇಲೆ ತನ್ನದೇ ನಡಿಗೆಯಲ್ಲಿ ರೀಡ್ ಧ್ವನಿ. ಈ ಹಾಡನ್ನು ಸಮರ್ಥಿಸುವವರ ವಾದವನ್ನು ಗೌರವದಿಂದ ಕೇಳಿದ್ದೇನೆ, ಒಪ್ಪಲಾಗಿಲ್ಲ. ಎರಡು ಟೇಪ್ ರೆಕಾರ್ಡರ್ ಒಟ್ಟಿಗೆ ಹಾಕಿಟ್ಟ ಹಾಗೆಯೇ ಕೇಳುತ್ತದೆ.

ದುರದೃಷ್ಟಕ್ಕೆ ಜನ ಮೊದಲು ಕೇಳಿದ್ದು 'ದಿ ವ್ಯೂ'. ಸೆಪ್ಟೆಂಬರ್ 27ರಂದು ಸಿಂಗಲ್ ಆಗಿ, ಅಂದರೆ ಆಲ್ಬಂಗೆ ಮುಂಚೆ ಬಿಡಿ ಹಾಡಾಗಿ, ಬಂತು. ಭಾರವಾದ ನಿಧಾನ ರಿಫ್, ಮೇಲೆ ರೀಡ್ ಮಾತು, ನಡುವೆ ಹೆಟ್‌ಫೀಲ್ಡ್ ನುಗ್ಗಿ 'ಐ ಆಮ್ ದಿ ಟೇಬಲ್' ಎಂದು ಕೂಗುತ್ತಾರೆ. ಕಥೆ ಗೊತ್ತಿಲ್ಲದೆ, ಯಾರು ಯಾರಿಗೆ ಹೇಳುತ್ತಿದ್ದಾರೆಂದು ಗೊತ್ತಿಲ್ಲದೆ, ಆ ಒಂದು ಸಾಲನ್ನು ಕಿತ್ತು ಜಗತ್ತೆಲ್ಲ ನಕ್ಕಿತು. ಅರಮನೆ ಮೈದಾನದ ಸಾಲಿನಲ್ಲೂ ಯಾರೋ ಕೂಗಿದರು, ಹಿಂದೆ ಮುಂದೆ ನಗು ಹರಿದಾಡಿತು. ಹತ್ತು ಹಾಡಿನ, 87 ನಿಮಿಷದ, ನಾಟಕದ ಹಿನ್ನೆಲೆಯ ಆಲ್ಬಂ ಒಂದನ್ನು ಐದು ನಿಮಿಷದ ತುಣುಕಿನಿಂದ ಪರಿಚಯಿಸಿದ್ದು ದೊಡ್ಡ ತಪ್ಪು. ಸಿಂಗಲ್ ಬೇಕೇ ಇದ್ದರೆ 'ಐಸ್ಡ್ ಹನಿ' ಇತ್ತು. ನಾಲ್ಕೂವರೆ ನಿಮಿಷ, ಸರಳ ಕಾರ್ಡ್‌ಗಳು, 'ಸ್ವೀಟ್ ಜೇನ್' ಮನೆತನದ ಹಾಡು. ಎರಡೂ ಕಡೆಯವರು ತಲೆಯಾಡಿಸುತ್ತಿದ್ದರು.

ರೀಡ್ ಕಡೆಯವರೂ ಖುಷಿಯಲ್ಲಿರಲಿಲ್ಲ ಎಂಬುದು ಆಮೇಲೆ ಮರೆತುಹೋಯಿತು. ವೆಲ್ವೆಟ್ ಅಂಡರ್‌ಗ್ರೌಂಡ್ ಕೇಳುವವರು ಬೆಂಗಳೂರಿನಲ್ಲಿ ಆಗಲೂ ಕಡಿಮೆ, ಆದರೆ ಪಟ್ಟು ಬಿಡದವರು. ಪದಗಳ ಮೇಲೆ ಗಿಟಾರ್ ಗೋಡೆ ಬಿದ್ದಿದೆ, ಹೆಟ್‌ಫೀಲ್ಡ್ ಒಂದೇ ಸಾಲನ್ನು ಮತ್ತೆ ಮತ್ತೆ ಕೂಗಿ ಕವಿತೆ ಕೆಡಿಸಿದ್ದಾರೆ ಎಂಬುದು ಅವರ ದೂರು. 'ಬ್ರ್ಯಾಂಡೆನ್‌ಬರ್ಗ್ ಗೇಟ್'ನಲ್ಲಿ ಆ ದೂರು ಸಮಂಜಸ. ಅಕೌಸ್ಟಿಕ್ ಗಿಟಾರಿನಲ್ಲಿ ಶುರುವಾಗಿ ಚೆನ್ನಾಗಿ ಅರಳುವ ಹಾಡು, ಹಿನ್ನೆಲೆಯ ಕೂಗು ಅರ್ಧದಷ್ಟಿದ್ದರೆ ಸಾಕಿತ್ತು.

ಇನ್ನೊಂದು ತೊಡಕು ಹೆಸರಿನದು. ಹೊದಿಕೆಯ ಮೇಲೆ ಎರಡು ಹೆಸರು ಸಮಸಮ. ಅತಿಥಿ ಯಾರು, ಆತಿಥೇಯ ಯಾರು ಎಂದು ತಿಳಿಯದು. 2023ರಲ್ಲಿ ರೋಲಿಂಗ್ ಸ್ಟೋನ್ಸ್ 'ಹ್ಯಾಕ್ನಿ ಡೈಮಂಡ್ಸ್' ತಂದಾಗ ಬೀಟಲ್ಸ್ ತಂಡದಲ್ಲಿದ್ದ ಪಾಲ್ ಮೆಕಾರ್ಟ್ನಿ ಒಂದು ಹಾಡಿಗೆ ಬಾಸ್ ನುಡಿಸಿದರು. ಯಾರೂ ಜಗಳವಾಡಲಿಲ್ಲ, ಏಕೆಂದರೆ ಅದು ಸ್ಟೋನ್ಸ್ ಮನೆ, ಮೆಕಾರ್ಟ್ನಿ ಬಂದುಹೋದ ನೆಂಟರು. 'ಲುಲು'ನಲ್ಲಿ ಇಬ್ಬರೂ ಮನೆ ಬಿಟ್ಟು ಬಯಲಿಗೆ ಬಂದಿದ್ದರು. ಕೊಳ್ಳುವವರಿಗೆ ಅದು ಮುಂದಿನ ಮೆಟಾಲಿಕಾ ಆಲ್ಬಂ ಎಂದೇ ಕಂಡಿತು, ಆ ಎಣಿಕೆಯಲ್ಲಿ ಕೇಳಿದರು, ಸಿಟ್ಟಾದರು. 2008ರ 'ಡೆತ್ ಮ್ಯಾಗ್ನೆಟಿಕ್' ಅಮೆರಿಕದಲ್ಲಿ ಮೊದಲ ಮೂರು ದಿನಕ್ಕೇ 4,90,000 ಪ್ರತಿ ಮಾರಾಟವಾಗಿತ್ತು. 'ಲುಲು' ಮೊದಲ ವಾರ ಸುಮಾರು 13,000, ಬಿಲ್‌ಬೋರ್ಡ್ ಪಟ್ಟಿಯಲ್ಲಿ 36ನೇ ಸ್ಥಾನ. ಪಿಚ್‌ಫೋರ್ಕ್ ಎಂಬ ಸಂಗೀತ ವಿಮರ್ಶೆಯ ಜಾಲತಾಣ ಹತ್ತಕ್ಕೆ ಒಂದು ಅಂಕ ಕೊಟ್ಟಿತು.

ಭಾನುವಾರ ರಾತ್ರಿ ಮೆಟಾಲಿಕಾ 'ಲುಲು'ವಿನ ಒಂದು ಸ್ವರವನ್ನೂ ನುಡಿಸಲಿಲ್ಲ. 'ಒನ್', 'ಮಾಸ್ಟರ್ ಆಫ್ ಪಪೆಟ್ಸ್', 'ಎಂಟರ್ ಸ್ಯಾಂಡ್‌ಮನ್', ಮೈದಾನಕ್ಕೆ ಮೈದಾನವೇ ಬಾಯಿಪಾಠ ಒಪ್ಪಿಸಿತು. ರೀಡ್ ಇಲ್ಲದೆ ಆ ಹಾಡುಗಳನ್ನು ನುಡಿಸುವುದು ಸಾಧ್ಯವೂ ಇರಲಿಲ್ಲ, ಮಾತು ತೆಗೆದರೆ ಅಲ್ಲಿ ಉಳಿಯುವುದು ಹಂದರ ಮಾತ್ರ. ಹೊರಬರುವಾಗ ಹಲವರು ನಿರಾಳವಾಗಿದ್ದರು: ನೋಡಿದ್ಯಾ, ಅವರಿಗೇ ಅದು ಬೇಡ. ನನಗೆ ಹಾಗನ್ನಿಸಲಿಲ್ಲ. ಮುಂದಿನ ತಿಂಗಳುಗಳಲ್ಲಿ ರೀಡ್ ಜೊತೆ ವೇದಿಕೆ ಸಿಕ್ಕಾಗ ಅವರೇ ಈ ಹಾಡುಗಳನ್ನು ನುಡಿಸಿದರು, ಡಿಸೆಂಬರಿನಲ್ಲಿ ತಮ್ಮ 30ನೇ ವರ್ಷದ ಸಂಭ್ರಮಕ್ಕೂ ರೀಡ್ ಅವರನ್ನು ಕರೆಸಿಕೊಂಡರು.

ಮಂಗಳವಾರ ರಾಜ್ಯೋತ್ಸವದ ರಜೆ. 87 ನಿಮಿಷ ಒಂದೇ ಬೈಠಕ್ಕಿನಲ್ಲಿ ಕೇಳಲು ಅಂಥ ದಿನವೇ ಬೇಕು. ಹೇಗೆ ಕೇಳಬೇಕೆಂದು ಈಗಲೂ ಕೇಳುವವರಿದ್ದಾರೆ, ಅವರಿಗೆ ನಾನು ಹೇಳುವುದು ಇಷ್ಟು. ಎರಡನೆಯ ಡಿಸ್ಕ್‌ನಿಂದ ಶುರು ಮಾಡಿ. ಸಾಹಿತ್ಯ ಮುಂದಿಟ್ಟುಕೊಳ್ಳಿ, ಏಕೆಂದರೆ 'ನಾನು' ಎನ್ನುವುದು ಹೆಚ್ಚು ಕಡೆ ರೀಡ್ ಅಲ್ಲ, ಲುಲು ಅಥವಾ ಅವಳ ಸುತ್ತಲಿನ ಗಂಡಸರು. 69ರ ಧ್ವನಿ ತರುಣಿಯ ಪಾತ್ರ ಹೊತ್ತಿದೆ ಎಂದು ಗೊತ್ತಾದ ಮೇಲೆ ಆ ಧ್ವನಿಯ ಒರಟು ಬೇರೆಯಾಗಿಯೇ ಕೇಳುತ್ತದೆ. ವಾಲ್ಯೂಮ್ ಮೆಟಾಲಿಕಾಗೆ ಇಡುವಷ್ಟು ಏರಿಸಬೇಡಿ, ಮಾತನ್ನು ಮಿಶ್ರಣದಲ್ಲಿ ಮುಂದೆ ಕೂರಿಸಿದ್ದಾರೆ, ಜೋರು ಮಾಡಿದಷ್ಟೂ ಅದು ಕಿವಿಗೆ ತಿವಿಯುತ್ತದೆ. ಲ್ಯಾಪ್‌ಟಾಪ್ ಸ್ಪೀಕರ್ ಬೇಡ, ಹೆಡ್‌ಫೋನ್ ಇರಲಿ.

ಹೆಡ್‌ಫೋನ್ ಯಾಕೆಂದರೆ 'ಜೂನಿಯರ್ ಡ್ಯಾಡ್' ಇರುವುದರಿಂದ. 19 ನಿಮಿಷ 28 ಸೆಕೆಂಡಿನ ಹಾಡು. ಒಂದು ಡ್ರೋನ್ (ಬಿಡದೆ ಮೊಳಗುವ ಶ್ರುತಿ) ಮೇಲೆ ಶುರುವಾಗಿ ಗಿಟಾರ್ ಮೆಲ್ಲನೆ ಸೇರಿಕೊಳ್ಳುತ್ತದೆ. ಇಲ್ಲಿ ಮೆಟಾಲಿಕಾ ಆತುರಪಡುವುದಿಲ್ಲ, ಎರಡೇ ಕಾರ್ಡ್‌ಗಳ ನಡುವೆ ತೂಗಾಡುತ್ತದೆ ಎನ್ನುವಷ್ಟು ಸರಳ ನಡೆ. ಉಲ್ರಿಕ್ ಡ್ರಮ್ಸ್ ಹಿಂದೆ ಸರಿದು ಮಾತಿಗೆ ಜಾಗ ಬಿಡುತ್ತದೆ. ಅಳತೆಯಿಲ್ಲದ ಸಾಲುಗಳು ಇಲ್ಲಿ ತೊಡಕಾಗುವುದಿಲ್ಲ, ಅವಕ್ಕೆ ಢಿಕ್ಕಿ ಹೊಡೆಯುವ ರಿಫ್ ಇಲ್ಲ. ತಂದೆಯ ಬಗ್ಗೆ, ತಾನೇ ತಂದೆಯ ಮುಖವಾಗುವುದರ ಬಗ್ಗೆ ರೀಡ್ ಹೇಳುತ್ತಾ ಹೋಗುತ್ತಾರೆ. ಸ್ಟುಡಿಯೊದಲ್ಲಿ ಈ ಹಾಡು ಕೇಳಿಸಿದಾಗ ಹ್ಯಾಮೆಟ್ ಆಗಷ್ಟೇ ತಂದೆಯನ್ನು ಕಳೆದುಕೊಂಡಿದ್ದರು, ಹೆಟ್‌ಫೀಲ್ಡ್ ಹುಡುಗನಾಗಿದ್ದಾಗ ಅವರ ತಂದೆ ಮನೆ ಬಿಟ್ಟುಹೋಗಿದ್ದರು. ಇಬ್ಬರೂ ಎದ್ದು ಅಡುಗೆಮನೆಗೆ ಹೋಗಿ ಅತ್ತರೆಂದು ಹ್ಯಾಮೆಟ್ಟೇ ಹೇಳಿಕೊಂಡಿದ್ದಾರೆ. ಮಾತು ನಿಂತ ಮೇಲೂ ತಂತಿವಾದ್ಯಗಳ ಶ್ರುತಿ ಹಲವು ನಿಮಿಷ ಮುಂದುವರಿಯುತ್ತದೆ. ಸಣ್ಣ ಸ್ಪೀಕರಿನಲ್ಲಿ ಅದು ಬರೀ ಗುಂಯ್. ಹೆಡ್‌ಫೋನಿನಲ್ಲಿ ಒಳಗಿನ ಸ್ವರಗಳು ಒಂದೊಂದಾಗಿ ಸರಿದಾಡುವುದು ಕೇಳುತ್ತದೆ, ತಂಬೂರಿ ಕೇಳಿ ಗೊತ್ತಿರುವ ಕಿವಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ.

ರೀಡ್ 2013ರ ಅಕ್ಟೋಬರ್ 27ರಂದು ತೀರಿಕೊಂಡರು. 'ಲುಲು' ಅವರ ಕೊನೆಯ ಸ್ಟುಡಿಯೊ ಆಲ್ಬಂ ಆಯಿತು. ಇದೇ ಅವರ ಶ್ರೇಷ್ಠ ಕೃತಿ ಎಂದು ಗಾಯಕ ಡೇವಿಡ್ ಬೋವಿ ತಮಗೆ ಹೇಳಿದ್ದರೆಂದು ರೀಡ್ ಅವರ ಪತ್ನಿ ಲಾರಿ ಆಂಡರ್ಸನ್ 2015ರಲ್ಲಿ ಹೇಳಿದ ಮೇಲೆ ಅಭಿಪ್ರಾಯ ಬದಲಿಸಿದವರು ಬಹಳ. ಬೋವಿ ಹೇಳಿದರೆಂದು ಆಲ್ಬಂ ಒಳ್ಳೆಯದಾಗುವುದಿಲ್ಲ, ಪಿಚ್‌ಫೋರ್ಕ್ ಒಂದು ಅಂಕ ಕೊಟ್ಟಿತೆಂದು ಕೆಟ್ಟದ್ದೂ ಆಗುವುದಿಲ್ಲ. ನನ್ನ ಮಟ್ಟಿಗೆ ಇದು ಒಂದೇ ಡಿಸ್ಕ್‌ನಲ್ಲಿ ಬರಬೇಕಿದ್ದ ಆಲ್ಬಂ: 'ಬ್ರ್ಯಾಂಡೆನ್‌ಬರ್ಗ್ ಗೇಟ್', 'ಐಸ್ಡ್ ಹನಿ', 'ಚೀಟ್ ಆನ್ ಮಿ', 'ಡ್ರ್ಯಾಗನ್', 'ಜೂನಿಯರ್ ಡ್ಯಾಡ್', ಇದೇ ಕ್ರಮದಲ್ಲಿ. ಐವತ್ತೊಂದು ನಿಮಿಷ. 'ಡ್ರ್ಯಾಗನ್'ನಲ್ಲಿ ಫೀಡ್‌ಬ್ಯಾಕ್ ಮೇಲಿನ ಉದ್ದ ಮಾತು ಮುಗಿದು ರಿಫ್ ಬೀಳುವ ಗಳಿಗೆಯೊಂದೇ ಸಾಕು, ಈ ಎರಡು ಪಂಗಡ ಒಟ್ಟಿಗೆ ಕೂತು ಕೇಳಬಹುದಿತ್ತು ಎನ್ನಲು. 'ಲಿಟಲ್ ಡಾಗ್' ಬಿಟ್ಟಿದ್ದಕ್ಕೆ ರೀಡ್ ಕಡೆಯ ಗೆಳೆಯರು ಜಗಳಕ್ಕೆ ಬರುತ್ತಾರೆ, 'ಫ್ರಸ್ಟ್ರೇಶನ್' ಬಿಟ್ಟಿದ್ದಕ್ಕೆ ಮೆಟಾಲಿಕಾ ಕಡೆಯವರು. ಎರಡನೆಯವರ ವಾದದಲ್ಲಿ ಹುರುಳಿದೆ, ಆ ರಿಫ್ ನಿಜಕ್ಕೂ ಒಳ್ಳೆಯದು.