ದೇವರಿಗೆ ವಿಳಾಸ ಹೇಳಬೇಕು

ಈ ಸಲದ ನರಸಿಂಹ ಜಯಂತಿಯಂದು ಮೇಲುಕೋಟೆಯ ಬೆಟ್ಟ ಹತ್ತಿ, ಯೋಗಾನರಸಿಂಹಸ್ವಾಮಿಯ ಸನ್ನಿಧಿಯಲ್ಲಿ ಕೈಮುಗಿದು ನಿಂತಾಗ, ನನ್ನ ಕೈಗಳ ಮೇಲೆ ಇನ್ನೆರಡು ಕೈಗಳು ಬಂದು ಒತ್ತಿದಂತಾಯಿತು. ಅರ್ಚಕರು ಮಂಗಳಾರತಿ ಎತ್ತಿದ್ದರು, ಹಿಂದಿನಿಂದ ಜನ ‘ಗೋವಿಂದಾ’ ಎನ್ನುತ್ತಿದ್ದರು, ಯೋಗಪಟ್ಟ ಬಿಗಿದು ಕುಳಿತ ಸ್ವಾಮಿಯ ಮುಖ ಆ ಬೆಳಕಿನಲ್ಲಿ ಒಮ್ಮೆ ಕಂಡು ಮರೆಯಾಯಿತು. ನಾನು ಮಾತ್ರ ತೀರಿಕೊಂಡು 22 ವರ್ಷವಾದ ಅಜ್ಜಿಯ ಅಂಗೈಗಳ ಬಿಸಿಯಲ್ಲಿ ನಿಂತಿದ್ದೆ. ಸ್ವಾಮಿ ಕ್ಷಮಿಸಬೇಕು.

ಅಜ್ಜಿಯ ಎರಡು ಅಂಗೈಗಳೂ ಒಂದೇ ಬಗೆಯವಾಗಿರಲಿಲ್ಲ. ಬತ್ತಿ ಹೊಸೆದು ಹೊಸೆದು ಎಡ ಅಂಗೈ ರೇಷ್ಮೆಯಂತೆ ನುಣುಪಾಗಿತ್ತು. ಒರಳು, ಪಾತ್ರೆ, ಹುಣಸೆಹಣ್ಣುಗಳ ಜೊತೆ ಸವೆದ ಬಲ ಅಂಗೈ ತೆಂಗಿನ ಕರಟದಂತೆ ತರಿತರಿಯಾಗಿತ್ತು. ಸಂಜೆ ದೀಪ ಹಚ್ಚಿದ ಮೇಲೆ ಅವಳು ಮುಗಿದ ನನ್ನ ಕೈಗಳನ್ನು ಈ ಎರಡರ ನಡುವೆ ಇಟ್ಟುಕೊಂಡು ಒತ್ತಿ ಹಿಡಿಯುತ್ತಿದ್ದಳು. ಹರಳೆಣ್ಣೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ‘ಶುಭಂ ಕರೋತಿ ಕಲ್ಯಾಣಂ’ ಮುಗಿಯುತ್ತಿತ್ತು, ನನಗೆ ಬೇಕಾದ್ದನ್ನೆಲ್ಲ ಕೇಳಿಕೊಂಡದ್ದೂ ಮುಗಿಯುತ್ತಿತ್ತು, ಆದರೂ ಕೈ ಬಿಡುತ್ತಿರಲಿಲ್ಲ. ನಮ್ಮ ಮನೆಯವರಲ್ಲದ ಒಬ್ಬರ ಹೆಸರನ್ನೂ ಅವರಿಗಿರುವ ಕಷ್ಟವನ್ನೂ ಹೇಳುವವರೆಗೆ ಆ ಹಿಡಿತ ಸಡಿಲವಾಗುತ್ತಿರಲಿಲ್ಲ.

ಆಟಕ್ಕೆ ಹೋಗುವ ಆತುರದಲ್ಲಿ ಒಮ್ಮೆ ನಾನು ‘ಎಲ್ಲರಿಗೂ ಒಳ್ಳೇದಾಗಲಿ’ ಎಂದು ಒಂದೇ ಉಸಿರಿಗೆ ಹೇಳಿ ಕೈ ಕಿತ್ತುಕೊಳ್ಳಲು ನೋಡಿದೆ. ಅಜ್ಜಿ ನಕ್ಕಳು. “ಎಲ್ಲರೂ ಅಂದ್ರೆ ಯಾರೇ? ವಿಳಾಸ ಬರೀದೆ ಡಬ್ಬಿಗೆ ಹಾಕಿದ ಕಾಗದ ಯಾರ ಮನೆಗೆ ಹೋಗತ್ತೆ?” ಎಂದಳು. ಎಲ್ಲವನ್ನೂ ಬಲ್ಲ ದೇವರಿಗೆ ವಿಳಾಸ ಬೇಕೇ ಎಂದು ವಾದಿಸುವಷ್ಟು ಬುದ್ಧಿ ಆಗ ನನಗಿರಲಿಲ್ಲ, ಇದ್ದಿದ್ದರೂ ಆ ಹಿಡಿತದಲ್ಲಿ ಧೈರ್ಯ ಬರುತ್ತಿರಲಿಲ್ಲ. ವಿಳಾಸ ಬೇಕಾಗಿದ್ದದ್ದು ನನಗೆ ಎಂಬುದು ಬಹಳ ವರ್ಷಗಳ ಮೇಲೆ ತಿಳಿಯಿತು. ಸಂಜೆ ಒಂದು ಹೆಸರು ಹೇಳಲೇಬೇಕೆಂದರೆ ಹಗಲೆಲ್ಲ ಕಣ್ಣು ತೆರೆದುಕೊಂಡೇ ಇರಬೇಕಾಗುತ್ತಿತ್ತು: ಹಾಲು ಹಾಕುವವರ ಹಸು ಕಂದು ಹಾಕಿದೆಯೇ, ಎದುರುಮನೆಯ ಅಕ್ಕನಿಗೆ ಬಂದ ಗಂಡು ಒಪ್ಪಿತೇ, ಬಟ್ಟೆ ತೊಳೆಯಲು ಬರುವವರು ಇವತ್ತೇಕೆ ಕಾಲೆಳೆದುಕೊಂಡು ನಡೆದರು, ಹೀಗೆ. ಕೇಳಿ ತಿಳಿದುಕೊಳ್ಳದೆ ಕಷ್ಟ ಹೇಳಲು ಬಾರದು. ಹಾಗಾಗಿ ನಮ್ಮ ಪ್ರಾರ್ಥನೆ ದೇವರ ಮನೆಯಲ್ಲಿ ಮುಗಿಯುತ್ತಿದ್ದರೂ ಶುರುವಾಗುತ್ತಿದ್ದದ್ದು ಬೀದಿಯಲ್ಲಿ.

ಹಿರಿಯರ ಮಂಗಳ ಶ್ಲೋಕವೂ ಇದೇ ದಾರಿಯದು ಎಂದು ಈಗ ಅನ್ನಿಸುತ್ತದೆ. ‘ಲೋಕಾಃ ಸಮಸ್ತಾಃ ಸುಖಿನೋ ಭವಂತು’ ಎಂದು ಮಕ್ಕಳು ಶಾಲೆಯಲ್ಲೂ ಮನೆಯಲ್ಲೂ ರಾಗವಾಗಿ ಹೇಳುತ್ತಾರೆ, ಸಂತೋಷವೇ. ಆದರೆ ಅದರ ಜೊತೆ ಹೇಳುತ್ತಿದ್ದ ‘ಕಾಲೇ ವರ್ಷತು ಪರ್ಜನ್ಯಃ’ ಎಂಬುದು ಕಾಲಕ್ಕೆ ಮಳೆಯನ್ನೂ ಭೂಮಿಗೆ ಪೈರನ್ನೂ ಕೇಳುತ್ತದೆ. ‘ಅಪುತ್ರಾಃ ಪುತ್ರಿಣಃ ಸಂತು’ ಎಂಬುದು ಮಕ್ಕಳಿಲ್ಲದವರನ್ನು, ‘ಅಧನಾಃ ಸಧನಾಃ ಸಂತು’ ಎಂಬುದು ಕೈಯಲ್ಲಿ ಕಾಸಿಲ್ಲದವರನ್ನು ಬೇರೆಬೇರೆಯಾಗಿ ನೆನೆಯುತ್ತದೆ. ಇವು ಈಗ ಎಷ್ಟು ಮನೆಗಳಲ್ಲಿ ಕೇಳಿಸುತ್ತವೆ?

ಮೇಲುಕೋಟೆಗೇ ಮಗಳನ್ನು ಕರೆದೊಯ್ಯಲು ಕಾರಣವಿತ್ತು. ಅಲ್ಲಿನ ಸ್ವಾಮಿಯನ್ನು ಪ್ರಹ್ಲಾದನೇ ಪ್ರತಿಷ್ಠಾಪಿಸಿದನೆಂದು ಸ್ಥಳದ ಹಿರಿಯರು ಹೇಳುತ್ತಾರೆ. ಕಂಬ ಒಡೆದದ್ದು, ಹೊಸ್ತಿಲ ಮೇಲೆ ಹಿರಣ್ಯಕಶಿಪುವನ್ನು ಸೀಳಿದ್ದು ಎಲ್ಲ ಮಕ್ಕಳಿಗೂ ಬಾಯಿಪಾಠ, ಆದರೆ ಕಥೆ ಹೇಳುವ ನಾವು ಅಲ್ಲಿಗೇ ನಿಲ್ಲಿಸಿಬಿಡುತ್ತೇವೆ. ಭಾಗವತದ ಏಳನೆಯ ಸ್ಕಂಧದಲ್ಲಿ ಅದರ ಮುಂದಿನದೇ ನನಗೆ ರೋಮಾಂಚನವಾಗುವ ಭಾಗ. ಐದು ವರ್ಷದ ಹುಡುಗ, ಉಗ್ರರೂಪದ ಎದುರು ದೇವತೆಗಳೂ ಹತ್ತಿರ ಸುಳಿಯದಿದ್ದಾಗ ಹೋಗಿ ನಿಂತು, ‘ನೈತಾನ್ ವಿಹಾಯ ಕೃಪಣಾನ್ ವಿಮುಮುಕ್ಷ ಏಕಃ’ ಎನ್ನುತ್ತಾನೆ: ಈ ದೀನರನ್ನೆಲ್ಲ ಬಿಟ್ಟು ನಾನೊಬ್ಬನೇ ಬಿಡುಗಡೆ ಹೊಂದಲು ಒಲ್ಲೆ. ವರ ಕೇಳು ಎಂದರೆ, ಸ್ವಾಮಿಯಿಂದ ಫಲ ಬಯಸುವವನು ಸೇವಕನಲ್ಲ, ವ್ಯಾಪಾರಿ ಎಂದು ಉತ್ತರಿಸುತ್ತಾನೆ. ಅಷ್ಟಾದ ಮೇಲೂ ಒಂದನ್ನು ಕೇಳುತ್ತಾನೆ. ತನ್ನನ್ನು ಆನೆಯಿಂದ ತುಳಿಸಿದ, ಬೆಟ್ಟದಿಂದ ಉರುಳಿಸಿದ, ವಿಷ ಉಣಿಸಿದ ತಂದೆಯ ಪಾಪ ತೊಳೆದುಹೋಗಲಿ ಎಂದು. ನಿನ್ನ ತಂದೆ 21 ತಲೆಮಾರುಗಳೊಡನೆ ಪವಿತ್ರನಾದ ಎಂದು ಭಗವಂತ ಹೇಳುವಾಗ, ಆತನ ಕೈ ಪ್ರಹ್ಲಾದನ ತಲೆಯ ಮೇಲೆಯೇ ಇತ್ತೆಂದು ನಾನು ಕಲ್ಪಿಸಿಕೊಳ್ಳುತ್ತೇನೆ. ಅದೇ ಊರಿನಲ್ಲಿ ಹಲವು ವರ್ಷ ನೆಲೆಸಿದ್ದ ರಾಮಾನುಜರದೂ ಅದೇ ಸ್ವಭಾವ. ತಮಿಳುನಾಡಿನ ತಿರುಕ್ಕೋಷ್ಟಿಯೂರಿಗೆ 18 ಸಲ ನಡೆದು ಪಡೆದ ಮಂತ್ರಾರ್ಥವನ್ನು, ಬಯಲು ಮಾಡಿದರೆ ನರಕ ಎಂಬ ಗುರುಗಳ ಎಚ್ಚರಿಕೆಯನ್ನೂ ಮೀರಿ ಎಲ್ಲರಿಗೂ ಕೇಳುವಂತೆ ಸಾರಿ, ಇಷ್ಟು ಜನ ಉದ್ಧಾರವಾಗುವುದಾದರೆ ನರಕ ನನಗೊಬ್ಬನಿಗೆ ಬರಲಿ ಎಂದರೆಂದು ಗುರುಪರಂಪರೆಯ ಕಥೆಗಳು ಹೇಳುತ್ತವೆ.

ಇದನ್ನೆಲ್ಲ ಬಲ್ಲ ನಾನು ನನ್ನ ಮಗಳಿಗೆ ಕಲಿಸಿದ್ದೇನು? ‘ಒಳ್ಳೆ ಬುದ್ಧಿ ಕೊಡು, ಒಳ್ಳೆ ಮಾರ್ಕ್ಸ್ ಕೊಡು.’ ಪರೀಕ್ಷೆಯ ತಿಂಗಳಲ್ಲಿ ಹಾಲ್ ಟಿಕೆಟ್‌ಗಳನ್ನು ದೇವರ ಪಾದದಲ್ಲಿಟ್ಟು ಪೂಜೆ ಮಾಡಿಸುವ ಸಾಲಿನಲ್ಲಿ ನಾನೂ ನಿಂತಿದ್ದೇನೆ. ಸಂಕಲ್ಪಕ್ಕೆ ಗೋತ್ರ, ನಕ್ಷತ್ರ, ನಮ್ಮ ನಾಲ್ವರ ಹೆಸರು ಹೇಳಿ ‘ಸಹಕುಟುಂಬಾನಾಂ’ ಎಂದ ಕೂಡಲೇ ನನ್ನ ದೇವರು ನಮ್ಮ ಮನೆಯ ಗೋಡೆಯವರೆಗೆ ಬಂದು ನಿಂತುಬಿಡುತ್ತಿದ್ದ. ಹುಡುಗರು ಸ್ವಾರ್ಥಿಗಳಾಗುತ್ತಿದ್ದಾರೆ ಎಂದು ಗೊಣಗುವವರ ಜೊತೆ ಸೇರಿ ಗೊಣಗಿದ್ದೂ ನಾನೇ.

ಆ ದಿನ ಬೆಟ್ಟದ ಮೇಲೆ, ಮೈಮೇಲೆ ಅಜ್ಜಿಯ ಸ್ಪರ್ಶ ಇನ್ನೂ ಇದ್ದಂತೆಯೇ, ಮಗಳ ಪುಟ್ಟ ಕೈಗಳನ್ನು ಹಿಡಿದು, ನಮ್ಮ ಮನೆಯವರಲ್ಲದ ಒಬ್ಬರಿಗಾಗಿ ಏನಾದರೂ ಕೇಳು ಎಂದೆ. ಅವಳಿಗೆ ಏಳು ವರ್ಷ. ಸ್ವಲ್ಪ ಯೋಚಿಸಿ, “ಕೆಳಗೆ ನಮಗೆ ಮಜ್ಜಿಗೆ ಕೊಟ್ರಲ್ಲ, ಆ ಅಜ್ಜಿ” ಎಂದಳು. ಏನು ಕೇಳುತ್ತೀ ಎಂದರೆ ಸುಮ್ಮನಾದಳು. “ಅವರಿಗೆ ಏನು ಬೇಕೋ ಗೊತ್ತಿಲ್ವಲ್ಲಮ್ಮ.” ನಾನು ಅಭ್ಯಾಸಬಲದಿಂದ, ಒಳ್ಳೇದು ಮಾಡಪ್ಪ ಅಂತ ಕೇಳು, ಸಾಕು ಎಂದುಬಿಟ್ಟೆ. ಅವಳು ಒಪ್ಪಲಿಲ್ಲ. ಅಷ್ಟರಲ್ಲಿ ಹಿಂದಿನವರು ಮುಂದಕ್ಕೆ ತಳ್ಳಿದರು. ತೀರ್ಥ, ಶಠಾರಿ ಪಡೆದು ಹೊರಗೆ ಬಂದೆವು.

ಬಿಸಿಲಿಗೆ ಕಾದ ಮೆಟ್ಟಿಲುಗಳ ಮೇಲೆ ಅವಳು ನನ್ನ ಕೈ ಬಿಡಿಸಿಕೊಂಡು ಮುಂದೆ ಮುಂದೆ ಇಳಿದಳು. ನಾನು ತಲುಪುವ ಹೊತ್ತಿಗೆ ಮಜ್ಜಿಗೆಯ ಮಡಕೆಯ ಎದುರು ನಿಂತು ಕೇಳಿಯೇಬಿಟ್ಟಿದ್ದಳು: “ಅಜ್ಜಿ, ನಿಮಗೋಸ್ಕರ ದೇವರ ಹತ್ರ ಏನು ಕೇಳಲಿ?” ಮುದುಕಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕು, ಮಡಕೆಯ ಮೇಲಿನ ತಟ್ಟೆಯನ್ನು ಸರಿಪಡಿಸುತ್ತ, “ಮಂಡಿ ಹಿಡ್ಕೊಂಡ್ಬುಟ್ಟದೆ ಕೂಸೇ. ಇಲ್ಲೇ ಕೂತ್ಕೊಂಡಿದ್ರೂ ಮ್ಯಾಲಕ್ ಹತ್ತಿ ಸ್ವಾಮಿ ಮೊಕ ನೋಡಿ ನಾಕು ವರ್ಸ ಆಯ್ತು. ಒಂದ್ಸಲ ಹತ್ತುಸ್ಲಿ ಅನ್ನವ್ವ” ಎಂದಳು.

ಮಗಳು ಅಲ್ಲೇ ಬೆಟ್ಟದ ಕಡೆಗೆ ತಿರುಗಿ ಕಣ್ಣು ಮುಚ್ಚಿದಳು.

ಅಂದು ಸಂಜೆ ಮನೆಗೆ ಬಂದು, ಪಾನಕ ಕೋಸಂಬರಿ ನೈವೇದ್ಯ ಮಾಡಿ ದೀಪ ಹಚ್ಚಿದೆ. ಅವಳ ಮುಗಿದ ಕೈಗಳನ್ನು ನನ್ನ ಕೈಗಳ ನಡುವೆ ಇಟ್ಟುಕೊಂಡೆ. ಎರಡೂ ಅಂಗೈ ಒಂದೇ ಬಗೆಯ ಮೃದುವಾದ ನನ್ನ ಕೈಗಳ ಬಗ್ಗೆ ಸ್ವಲ್ಪ ನಾಚಿಕೆಯೂ ಆಯಿತು. ಅವಳು ಮಂಡಿಯ ವಿಷಯವನ್ನು ಮತ್ತೆ ಹೇಳಿದಳು. ಆಮೇಲೆ ಗಾಬರಿಯಿಂದ ಕಣ್ಣು ಬಿಟ್ಟು, “ಅಮ್ಮ, ಅವರ ಹೆಸರೇ ಕೇಳಲಿಲ್ಲ” ಎಂದಳು. ನಾನು ಉತ್ತರ ಹುಡುಕುವಷ್ಟರಲ್ಲಿ ಪುನಃ ಕಣ್ಣು ಮುಚ್ಚಿ, ದೇವರಿಗೆ ತಾನೇ ನಿಧಾನವಾಗಿ ವಿವರಿಸಿದಳು: ಬೆಟ್ಟ ಹತ್ತುವಾಗ ಮೊದಲನೇ ಮೆಟ್ಟಿಲು, ಎಡಗಡೆ, ನೀಲಿ ಟಾರ್ಪಾಲಿನ ಕೆಳಗೆ.